ನುಂಗಲು ಕಷ್ಟಪಡುವ ಕುದುರೆಯನ್ನು ಸಾಕುವುದು ಹೇಗೆ

ಕುದುರೆ ಮೇವು ತಿನ್ನುವಾಗ ಎಲ್ಲರೂ ಬಾಯಿ ನೋಡುತ್ತಾರೆ. ನೀವು ಮೂಗು ನೋಡಿ. ಎರಡೂ ಹೊಳ್ಳೆಗಳಿಂದ ಹಸಿರು ನೀರು, ಮೇವಿನ ಚೂರು, ಕುಡಿದ ನೀರು ಹೊರಗೆ ಬರುತ್ತಿದ್ದರೆ ಅದನ್ನು ನೆಗಡಿ ಎಂದು ಬಿಡಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಬಾಯಿಂದ ಉಸಿರಾಡಲೂ ಆಗುವುದಿಲ್ಲ. ಗಂಟಲಲ್ಲಿ ದಾರಿ ತಪ್ಪಿದ ಮೇವು ಮೂಗಿಗೆ ಬರುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಶ್ವಾಸಕೋಶಕ್ಕೆ ಇಳಿದದ್ದೇ ಜೀವ ತೆಗೆಯುವುದು.

ನಮ್ಮದು ಗಂಗಾವತಿ. ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ಮನೆ. ನಮ್ಮ ಹಂಸಿಗೆ ಮರಿಯಾಗಿದ್ದಾಗ ಗಂಟಲ ಕೆಳಗೆ ಗಡ್ಡೆ ಎದ್ದು ಕೀವಾಗಿತ್ತು. ಗಡ್ಡೆ ಒಡೆದು ವಾಸಿಯಾಯಿತು, ಆದರೆ ನುಂಗಿಸುವ ನರ ಪೂರ್ತಿ ಸುಧಾರಿಸಲಿಲ್ಲ. ಇಂಥದ್ದು ಬದುಕುವುದಿಲ್ಲ, ಕೊಟ್ಟುಬಿಡಿ ಎಂದವರೇ ಜಾಸ್ತಿ. ಬದುಕುತ್ತದೆ. ಆದರೆ ಮೇವಿನ ಕೆಲಸವನ್ನು ಒಂದು ಹೊತ್ತೂ ಬಿಡುವಂತಿಲ್ಲ.

ಮೊದಲು ಕಾರಣ ತಿಳಿಯಬೇಕು. ಹಲ್ಲು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದರೂ ಕುದುರೆ ಮೇವನ್ನು ಉಂಡೆ ಮಾಡಿ ಉಗುಳುತ್ತದೆ. ಅದಕ್ಕೆ ಹಲ್ಲು ಅರ ಹಾಕಿಸಿದರೆ ಸಾಕು. ಅನ್ನನಾಳ ಒಂದು ಕಡೆ ಕಿರಿದಾಗಿದೆಯೋ, ಗಂಟಲ ನರ ಸೋತಿದೆಯೋ ಎಂಬುದು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಡೆಯವರು ಇದಕ್ಕೆ ಬೀದರ್ ಅಥವಾ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಮೊದಲು ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ಮೂಗು ಸೋರುವ ಕುದುರೆಗೆ ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಆಗಲೇಬೇಕು. ಅದು ಮನುಷ್ಯರಿಗೂ ಅಂಟುವ ರೋಗ.

ಇನ್ನೊಂದು ಮಾತು. ನಿನ್ನೆವರೆಗೆ ಚೆನ್ನಾಗಿದ್ದ ಕುದುರೆ ಇದ್ದಕ್ಕಿದ್ದಂತೆ ನುಂಗದೆ ಜೊಲ್ಲು ಸುರಿಸುತ್ತಿದ್ದರೆ ಅದರ ಬಾಯಿಗೆ ಕೈ ಹಾಕಲೇಬೇಡಿ. ಹುಚ್ಚುನಾಯಿ ಕಡಿತದ ರೋಗ ಕುದುರೆಯಲ್ಲೂ ಹೀಗೇ ಶುರುವಾಗಬಹುದು. ದೂರ ಕಟ್ಟಿ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕಾರಣ ಗೊತ್ತಾದ ಮೇಲೆ ಎಲ್ಲಾ ಇರುವುದು ಮೇವಿನಲ್ಲಿ. ಒಣ ಮೇವು ಪೂರ್ತಿ ಬಂದ್. ಜೋಳದ ಕಣಿಕೆ, ಭತ್ತದ ಹುಲ್ಲು, ಒಣ ಬೂಸಾ, ಹುರಿಗಡಲೆ ಯಾವುದೂ ಬೇಡ. ಎಳೆ ಜೋಳದ ಹಸಿ ಮೇವು ಮೆತ್ತಗಿರುತ್ತದೆ ಅಂತ ಹಾಕುವವರಿದ್ದಾರೆ, ಅದರಲ್ಲಿ ವಿಷ ಇರುತ್ತದೆ, ಅದೂ ಬೇಡ. ನಾವು ಕುದುರೆ ಮೆಂತೆಯನ್ನು (ಲೂಸರ್ನ್ ಸೊಪ್ಪು) ನೆರಳಲ್ಲಿ ಒಣಗಿಸಿ ನುಣ್ಣಗೆ ಪುಡಿ ಮಾಡಿಸಿ ಇಟ್ಟುಕೊಳ್ಳುತ್ತೇವೆ. ಹುರುಳಿಯನ್ನು ರಾತ್ರಿ ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ, ಸಿಪ್ಪೆ ಸಮೇತ ಅರೆಯುತ್ತೇವೆ. ಎರಡನ್ನೂ ಕಲಸಿ ಉಗುರುಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ಬಿಡಬೇಕು. ಪುಡಿ ಉಬ್ಬಿ ಗಟ್ಟಿಯಾಗುತ್ತದೆ, ಆಗ ಮತ್ತೆ ನೀರು ಹಾಕಿ. ಸೌಟಿನಿಂದ ಎತ್ತಿ ಸುರಿದರೆ ಜೋಳದ ಅಂಬಲಿಯ ಹಾಗೆ ಧಾರೆಯಾಗಿ ಇಳಿಯಬೇಕು. ಹಂಸಿಗೆ ಹೊಂದಿದ್ದು ಈ ಹದ. ಕೆಲವು ಕುದುರೆಗೆ ಸ್ವಲ್ಪ ಗಟ್ಟಿ ಇದ್ದರೇ ಸರಿಯಾಗಿ ಇಳಿಯುತ್ತದೆ. ಹೊಳ್ಳೆ ನೋಡುತ್ತಾ ನೋಡುತ್ತಾ ನಿಮ್ಮ ಕುದುರೆಯ ಹದ ಕಂಡುಕೊಳ್ಳಬೇಕು.

ತೌಡಿನ ವಿಷಯ ಬಿಡಿಸಿ ಹೇಳಬೇಕು. ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲಾ ಕಡೆ ರೈಸ್ ಮಿಲ್ಲು ಇವೆ, ತೌಡು ಸುಲಭವಾಗಿ ಸಿಗುತ್ತದೆ, ನೆನೆಸಿದರೆ ಮೆತ್ತಗೂ ಆಗುತ್ತದೆ. ಅದಕ್ಕೇ ಜನ ಬರೀ ತೌಡಿನ ಮೇಲೆ ಕುದುರೆ ಸಾಕಲು ನೋಡುತ್ತಾರೆ. ತೌಡಿನಲ್ಲಿ ಸುಣ್ಣದ ಅಂಶಕ್ಕಿಂತ ರಂಜಕ (ಫಾಸ್ಫರಸ್) ಹತ್ತು ಪಟ್ಟಿಗೂ ಜಾಸ್ತಿ. ದಿನವೂ ಅದೇ ತಿಂದರೆ ಮೈ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ಮುಖದ ಮೂಳೆ ಊದುತ್ತದೆ, ಕಾಲು ಕುಂಟುತ್ತದೆ. ಗೋಧಿ ಬೂಸಾದ್ದೂ ಹೆಚ್ಚು ಕಡಿಮೆ ಇದೇ ಕಥೆ. ಕುದುರೆ ಮೆಂತೆಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಹಾಗಾಗಿ ಅದು ಮುಖ್ಯ ಮೇವಾಗಲಿ, ತೌಡು ರುಚಿಗೆ ಒಂದು ಹಿಡಿ ಸಾಕು. ಅದೂ ಹೊಸ ತೌಡು. ಇಟ್ಟ ತೌಡು ಕೆಲವೇ ದಿನಕ್ಕೆ ಕಮಟು ವಾಸನೆ ಹೊಡೆಯುತ್ತದೆ.

ಎಷ್ಟು ಹಾಕಬೇಕು? ಟೇಪು ಹಿಡಿದು ಎದೆಯ ಸುತ್ತಳತೆ ಮತ್ತು ಹೆಗಲ ಮುಂದಿನ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 165, ಉದ್ದ 150 ಇದ್ದರೆ ತೂಕ ಸುಮಾರು 344 ಕೆಜಿ. ಇಂಥ ಕುದುರೆಗೆ ನೀರು ಹಾಕುವ ಮೊದಲಿನ ಲೆಕ್ಕದಲ್ಲಿ ದಿನಕ್ಕೆ 5ರಿಂದ 7 ಕೆಜಿ ಮೇವು ಬೇಕು. ಅದನ್ನು ಐದಾರು ಹೊತ್ತಾಗಿ ಹಂಚಿ. ತಿಂಗಳಿಗೊಮ್ಮೆ ಮತ್ತೆ ಅಳೆದು ಬರೆದಿಡಿ. ಕಣ್ಣಿಗೆ ಕಾಣುವ ಮೊದಲೇ ಟೇಪು ಹೇಳುತ್ತದೆ.

ನಮ್ಮ ಬಿಸಿಲಿಗೆ ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಹೊತ್ತು ಹೊತ್ತಿಗೆ ಹೊಸದಾಗಿ ಕಲಸಿ, ಟಬ್ ತೊಳೆದು ಬಿಸಿಲಿಗಿಡಿ. ಗಂಟಲ ನರ ಸೋತ ಕುದುರೆಗೆ ಟಬ್ ನೆಲದ ಮೇಲಿರಲಿ, ತಲೆ ತಗ್ಗಿದ್ದರೆ ದಾರಿ ತಪ್ಪಿದ್ದು ಹೊರಗೆ ಸುರಿದುಹೋಗುತ್ತದೆ. ಅನ್ನನಾಳ ಸಡಿಲಾಗಿ ಅಗಲವಾದ ಕುದುರೆಗೆ ಎತ್ತರದ ಗೋದಲಿಯೇ ಬೇಕಾಗಬಹುದು. ಇದನ್ನು ಡಾಕ್ಟರನ್ನೇ ಕೇಳಿ. ಗಬಗಬ ತಿನ್ನುವ ಕುದುರೆಯಾದರೆ ಟಬ್ಬಿನಲ್ಲಿ ಬಾಯಿಗೆ ಸಿಗದಷ್ಟು ದೊಡ್ಡ ನುಣುಪು ಕಲ್ಲು ಎರಡು ಹಾಕಿ, ತಾನಾಗಿ ನಿಧಾನ ಆಗುತ್ತದೆ. ಲಾಯದಲ್ಲಿ ಹುಲ್ಲು ಹಾಸಬೇಡಿ, ರಾತ್ರಿ ಅದನ್ನೇ ತಿನ್ನುತ್ತದೆ.

ಜೊಲ್ಲು ಹೊರಗೆ ಹೋದಷ್ಟೂ ಉಪ್ಪು ಹೋಗುತ್ತದೆ. ದಿನಕ್ಕೆ 30 ಗ್ರಾಂ ಅಡುಗೆ ಉಪ್ಪು ಮೇವಿಗೆ ಸೇರಿಸಿ. ಬೇಸಿಗೆಯಲ್ಲಿ ಎಷ್ಟು ಹೆಚ್ಚಿಸಬೇಕೆಂದು ಡಾಕ್ಟರ್ ಹೇಳುತ್ತಾರೆ.

ಬೆಳಿಗ್ಗೆ ಮೇವಿಗೆ ಮುಂಚೆ ಥರ್ಮಾಮೀಟರ್ ಇಡಿ. 99.5ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್ ಸರಿ. ನಿಂತಲ್ಲೇ ನಿಮಿಷಕ್ಕೆ 8ರಿಂದ 16 ಉಸಿರು ಸರಿ. ಜ್ವರ ಏರಿದರೆ, ಉಸಿರು ಜೋರಾದರೆ, ಮೂಗಿನ ವಾಸನೆ ಕೊಳೆತಂತಿದ್ದರೆ ಮೇವು ಶ್ವಾಸಕೋಶಕ್ಕೆ ಇಳಿದಿದೆ ಎಂದೇ ತಿಳಿದು ಅದೇ ದಿನ ಡಾಕ್ಟರನ್ನು ಕರೆಸಿ. ನಾಳೆ ನೋಡೋಣ ಅನ್ನಬೇಡಿ.

ಒಮ್ಮೊಮ್ಮೆ ಮೇವು ಸಿಕ್ಕಿಹಾಕಿಕೊಳ್ಳುತ್ತದೆ. ಕುದುರೆ ಕತ್ತು ಚಾಚಿ ಕೆಮ್ಮುತ್ತದೆ, ಮೂಗಿನಿಂದ ನೊರೆ ಬರುತ್ತದೆ. ಆಗ ಅಕ್ಕಪಕ್ಕದ ಹಿರಿಯರು ಬಂದೇ ಬರುತ್ತಾರೆ. "ಅಕ್ಕಾ, ಒಂದು ಗೊಟ್ಟ ಎಣ್ಣಿ ಹಾಕ್ರಿ, ಜಾರಿ ಹೊಕ್ಕೈತಿ" ಅನ್ನುತ್ತಾರೆ. ಗೊಟ್ಟ ಅಂದರೆ ಔಷಧ ಕುಡಿಸುವ ಕೊಳವೆ. ಎತ್ತಿಗೆ ಹಾಕಿ ರೂಢಿ ಇರುತ್ತದೆ, ಪ್ರೀತಿಯಿಂದಲೇ ಹೇಳುತ್ತಾರೆ. ಕೈ ಮುಗಿದು ಬೇಡ ಅನ್ನಿ. ನುಂಗಲಾಗದ ಕುದುರೆಗೆ ತಲೆ ಎತ್ತಿಸಿ ಗೊಟ್ಟ ಹಾಕಿದರೆ ಎಣ್ಣೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿಗೆ ಪೈಪಿನ ನೀರೂ ಬೇಡ. ಮೇವು, ನೀರು ಎರಡನ್ನೂ ತೆಗೆದುಬಿಡಿ. ತಲೆ ತಗ್ಗಿಸಿ ನಿಲ್ಲಲು ಬಿಡಿ, ಸುಮ್ನೆ ಪಕ್ಕದಲ್ಲಿ ನಿಂತು ಮಾತಾಡಿಸಿ. ಡಾಕ್ಟರಿಗೆ ಆಗಲೇ ಫೋನ್ ಹೋಗಿರಬೇಕು. ಅವರು ಮಂಪರು ಬರಿಸಿ ಮೂಗಿನಿಂದ ನಳಿಕೆ ಇಳಿಸಿ ನೀರು ಹಾಯಿಸಿ ತೊಳೆಯುತ್ತಾರೆ. ಗುಳಿಗೆಯನ್ನೂ ಬಾಯಿಗೆ ತುರುಕಬೇಡಿ, ಪುಡಿ ಮಾಡಿ ಮೇವಿನಲ್ಲಿ ಕೊಡಬಹುದೇ, ಸೂಜಿ ಇದೆಯೇ ಎಂದು ಕೇಳಿ.

ಹಂಸಿಯನ್ನು ಮೆರವಣಿಗೆಗೆ ಕಳಿಸುವುದನ್ನು ನಿಲ್ಲಿಸಿದ್ದೇವೆ. ಕಡಿವಾಣ ಬಾಯಲ್ಲಿದ್ದರೆ ನುಂಗುವುದು ಇನ್ನೂ ಕಷ್ಟ, ಮತ್ತೆ ಜನ ಕಂಡ ಕುದುರೆಗೆಲ್ಲಾ ತಿನ್ನಿಸುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಯ ದಿನಗಳಲ್ಲಿ ಮಕ್ಕಳ ಕೈಯಲ್ಲಿ ಬಾಳೆಹಣ್ಣು, ಕಡಲೆ ಇದ್ದೇ ಇರುತ್ತವೆ ಅಲ್ವಾ? "ಏನೂ ತಿನ್ನಿಸಬೇಡಿ" ಎಂದು ಲಾಯದ ಬಾಗಿಲಿಗೆ ದೊಡ್ಡದಾಗಿ ಬರೆಸಿ.

ಇಷ್ಟೆಲ್ಲಾ ಮಾಡಿದರೂ ತಿಂಗಳು ತಿಂಗಳೂ ತೂಕ ಇಳಿಯುತ್ತಿದ್ದರೆ, ಪದೇ ಪದೇ ನ್ಯುಮೋನಿಯಾ ಆಗುತ್ತಿದ್ದರೆ, ನೀರೂ ಇಳಿಯದಿದ್ದರೆ, ಅದನ್ನು ಹಸಿವಿನಲ್ಲಿ ಒದ್ದಾಡಲು ಬಿಡಬಾರದು. ನೋವಿಲ್ಲದೆ ಕಳಿಸಿಕೊಡುವ ಮಾತನ್ನು ಡಾಕ್ಟರ ಹತ್ತಿರ, ಮನೆಯವರ ಹತ್ತಿರ ಕುದುರೆ ಚೆನ್ನಾಗಿರುವಾಗಲೇ ಆಡಿಟ್ಟುಕೊಳ್ಳಿ.