48 ನಿಮಿಷದ ಪಾಠ ಮತ್ತು 18 ಎಂಬ ಉತ್ತರ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾನೂ ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಮನೆಯಲ್ಲಿ ಮಿಕ್ಸಿ ಸದ್ದು ನಿಂತ ಹೊತ್ತು ನೋಡಿ ಪಾಠ ರೆಕಾರ್ಡ್ ಮಾಡಿದ್ದೆ. ಕಾಲೇಜು ತೆರೆದ ಮೇಲೂ ಆ ಪೇಪರಿನ ಅರ್ಧ ಭಾಗ ಆನ್‌ಲೈನಿನಲ್ಲೇ ಉಳಿಯಿತು. ಅಷ್ಟರಲ್ಲಿ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ನಲ್ಲಿ ಮಾಡಬಹುದು ಅಂತ 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೇಳಿತು. ಮೊದಲು ಅದು ಶೇ. 20 ಇತ್ತು. ಆನ್‌ಲೈನ್ ಅನ್ನೋದು ಬಂದು ಹೋಗುವ ನೆಂಟ ಅಲ್ಲ, ಇಲ್ಲೇ ಇರುವವ ಅಂತ ಆಗ ಖಾತ್ರಿಯಾಯಿತು.

ಇರುವುದೇ ಆದರೆ ನೆಟ್ಟಗೆ ಮಾಡೋಣ ಅಂತ ಸ್ವಯಂ ಕೋರ್ಸುಗಳ ಮಾದರಿ ನೋಡಿದೆ. ಅಲ್ಲಿ ನಾಲ್ಕು ಭಾಗ: ವಿಡಿಯೋ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆಯ ಜಾಗ. ಪಾಠ, ಕ್ವಿಜ್ ಎಲ್ಲ ಹಾಕಲು ನಮ್ಮ ಕಾಲೇಜಿನಲ್ಲಿರುವ ‘ಮೂಡಲ್’ ಎಂಬ ತಂತ್ರಾಂಶದಲ್ಲಿ ನಾಲ್ಕನ್ನೂ ತುಂಬಿದೆ. (“ಮೂಡಲ ದಿಕ್ಕಾ ಮೇಡಂ?” ಅಂತ ಮಕ್ಕಳು ನಕ್ಕಿದ್ದರು.) ನಾಲ್ಕಕ್ಕೂ ಟಿಕ್ ಬಿತ್ತು. ಆಮೇಲೆ ಟೆಸ್ಟ್ ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಜನ ಮಧ್ಯಾಂಕದ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ಮೀಡಿಯನ್) ಲೆಕ್ಕದಲ್ಲೇ ಮುಗ್ಗರಿಸಿದ್ದರು.

ಮೊದಲು ಬೈದದ್ದು ಮಕ್ಕಳನ್ನೇ. ವಿಡಿಯೋ ನೋಡಿದ್ರಾ ಅಂದರೆ “ಹೂಂ ಮೇಡಂ” ಅಂತಾರೆ. ಸುಳ್ಳು ಹಿಡಿಯೋಣ ಅಂತಲೇ ಯೂಟ್ಯೂಬ್ ಸ್ಟುಡಿಯೋ ತೆರೆದೆ. ವಿಡಿಯೋದ ಯಾವ ಭಾಗವನ್ನು ಎಷ್ಟು ನೋಡಿದ್ದಾರೆ ಅಂತ ಅದರಲ್ಲೊಂದು ಗೆರೆ ಬರುತ್ತದೆ. ನನ್ನ 48 ನಿಮಿಷದ ಪಾಠದ ಗೆರೆ ಏಳನೇ ನಿಮಿಷದ ಹೊತ್ತಿಗೆ ಜಾರುಬಂಡೆಯ ಹಾಗೆ ಇಳಿದಿತ್ತು. ಆದರೆ 31ನೇ ನಿಮಿಷದಲ್ಲಿ ಒಂದು ಸಣ್ಣ ದಿಬ್ಬ. ಅದು ನಾನು ಲೆಕ್ಕ ಬಿಡಿಸುವ ಜಾಗ. ಅಂದರೆ ಮಕ್ಕಳು ಬರುತ್ತಿದ್ದರು, ಬೇಕಾದ್ದನ್ನು ಹುಡುಕಿ ನೋಡಿ ಹೋಗುತ್ತಿದ್ದರು. ಅದಕ್ಕೆ ಮೊದಲಿನ ಮೂವತ್ತು ನಿಮಿಷದ ನನ್ನ ಪೀಠಿಕೆ ಯಾರಿಗೂ ಬೇಕಿರಲಿಲ್ಲ.

ಮರುದಿನ ಲೈಬ್ರರಿಯಲ್ಲಿ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಫೋನಿನಲ್ಲೇ ನನ್ನ ಪಾಠ ನೋಡಲು ಹೇಳಿದೆ. ನಾನು ಮಾತಾಡಲಿಲ್ಲ, ಸುಮ್ನೆ ನೋಡುತ್ತಾ ಕೂತೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ಇಪ್ಪತ್ತು ನಿಮಿಷ. ಡೇಟಾ ಉಳಿಸಲು ಅವಳು ವಿಡಿಯೋವನ್ನು 144ಪಿಯಲ್ಲಿ, ಅಂದರೆ ಅತಿ ಕಡಿಮೆ ಸ್ಪಷ್ಟತೆಯಲ್ಲಿ, ಇಟ್ಟಿದ್ದಳು. ನನ್ನ ಕೋಷ್ಟಕದ ಅಂಕಿಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. 8 ಯಾವುದು 6 ಯಾವುದು ಅಂತ ನನಗೇ ಗೊತ್ತಾಗಲಿಲ್ಲ, ಬರೆದವಳು ನಾನೇ! ಅವಳು ಮಧ್ಯೆ ಮಧ್ಯೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯುತ್ತಿದ್ದಳು. ಯಾಕೆ ಅಂದೆ. “ಮನೇಲಿ ನೆಟ್‌ವರ್ಕ್ ಬರಲ್ಲ ಮೇಡಂ. ಇದನ್ನ ಇಟ್ಕೊಂಡು ರಾತ್ರಿ ಲೆಕ್ಕ ಮಾಡ್ತೀನಿ.”

ಹೊಸ ಕ್ಯಾಮೆರಾ, ಒಳ್ಳೆಯ ಮೈಕು ಕೊಡಿಸಿ ಅಂತ ಕಾಲೇಜಿಗೆ ಬರೆಯಬೇಕೆಂದಿದ್ದ ಅರ್ಜಿಯನ್ನು ಅಲ್ಲಿಗೇ ಬಿಟ್ಟೆ. ಪಾಠವನ್ನು ಐದಾರು ನಿಮಿಷದ ತುಂಡುಗಳಾಗಿ ಮತ್ತೆ ಮಾಡಿದೆ. ಒಂದು ತುಂಡಿಗೆ ಒಂದೇ ಲೆಕ್ಕ. ಪವರ್‌ಪಾಯಿಂಟ್ ಬಿಟ್ಟು ದಪ್ಪ ಸ್ಕೆಚ್ ಪೆನ್ನಿನಲ್ಲಿ ಹಾಳೆಯ ಮೇಲೆ ಬರೆಯುತ್ತಾ ಹೋದೆ. 144ಪಿಯಲ್ಲಿ ಓದಲು ಆಗದಿದ್ದರೆ ಮತ್ತೆ ರೆಕಾರ್ಡ್. ಪ್ರತಿ ತುಂಡಿನ ಜೊತೆ ಬಿಡಿಸಿದ ಲೆಕ್ಕದ ಒಂದು ಪುಟದ ಪಿಡಿಎಫ್ ಇಟ್ಟೆ, ಸ್ಕ್ರೀನ್‌ಶಾಟ್ ತೆಗೆಯುವ ಕಷ್ಟ ಬೇಡ ಅಂತ. ಎಡೆಕ್ಸ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಇಟ್ಟುಕೊಂಡು ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಮಾಡಿದ ಅಧ್ಯಯನ ಸಿಕ್ಕಿದ್ದು ಆಮೇಲೆ. ಆರು ನಿಮಿಷದೊಳಗಿನ ವಿಡಿಯೋ, ಕೈಯಲ್ಲಿ ಬರೆದು ತೋರಿಸುವ ವಿಡಿಯೋ ಜನರನ್ನು ಹಿಡಿದಿಡುತ್ತದೆ, ದುಬಾರಿ ಸ್ಟುಡಿಯೋದ್ದೇ ಗೆಲ್ಲುತ್ತದೆ ಅಂತೇನಿಲ್ಲ ಅನ್ನುತ್ತದೆ ಅದು. ಮೊದಲೇ ಓದಿದ್ದರೆ ಒಂದು ವರ್ಷ ಉಳಿಯುತ್ತಿತ್ತು, ಅಲ್ವಾ?

ವಿಡಿಯೋ ಸರಿಹೋದದ್ದರಿಂದ ಅಂಕ ಸ್ವಲ್ಪ ಏರಿತು, ಅಷ್ಟೇ. ನಿಜವಾಗಿ ಬದಲಾದದ್ದು ಕ್ವಿಜ್ ತಿದ್ದಿದ ಮೇಲೆ. ಹಳೆಯ ಕ್ವಿಜ್‌ನ ತಪ್ಪು ಆಯ್ಕೆಗಳು ನಾನು ಬಾಯಿಗೆ ಬಂದ ಹಾಗೆ ಹಾಕಿದ ಅಂಕಿಗಳು. ಈ ಸಲ ಟೆಸ್ಟ್ ಪೇಪರುಗಳ ಕಟ್ಟು ಬಿಚ್ಚಿ, ಮಕ್ಕಳು ನಿಜವಾಗಿ ಏನೇನು ತಪ್ಪು ಮಾಡುತ್ತಾರೆ ಅಂತ ಬರೆದುಕೊಂಡೆ.

ಲೆಕ್ಕ ಇದು. 50 ಮಕ್ಕಳ ಅಂಕ: 0–10ರಲ್ಲಿ 5 ಜನ, 10–20ರಲ್ಲಿ 8, 20–30ರಲ್ಲಿ 15, 30–40ರಲ್ಲಿ 16, 40–50ರಲ್ಲಿ 6. ಸಂಚಿತ ಆವೃತ್ತಿ, ಅಂದರೆ ಮೇಲಿನಿಂದ ಕೂಡಿಸುತ್ತಾ ಬಂದ ಮೊತ್ತ, 5, 13, 28, 44, 50. ಅರ್ಧ ಅಂದರೆ 25, ಅದು ಬೀಳುವುದು 20–30ರಲ್ಲಿ. ಹಿಂದಿನ ವರ್ಗದ ಸಂಚಿತ ಆವೃತ್ತಿ 13 ಕಳೆದು ಸೂತ್ರಕ್ಕೆ ಹಾಕಿದರೆ, 20 + (25 − 13) ÷ 15 × 10, ಮಧ್ಯಾಂಕ 28. ಬಹಳ ಜನ 13ರ ಬದಲು ಅದೇ ಸಾಲಿನ 28 ಕಳೆದಿದ್ದರು. ಆಗ ಉತ್ತರ 18 ಬರುತ್ತದೆ. ವರ್ಗ 20–30 ಅಂತ ಗೆರೆ ಎಳೆದು ಗುರುತಿಸಿ, ಕೆಳಗೆ ಉತ್ತರ 18 ಅಂತ ಬರೆದು ಅದಕ್ಕೊಂದು ಚೌಕ ಹಾಕಿದ್ದರು! ಇನ್ನು ಕೆಲವರು ಏನನ್ನೂ ಕಳೆಯದೆ 36.67 ತಂದಿದ್ದರು. ಕೆಲವರು ಜಾಸ್ತಿ ಜನ ಇರುವ ವರ್ಗದ ನಡುವಿನ ಅಂಕಿ, 35, ಬರೆದು ಕೈತೊಳೆದುಕೊಂಡಿದ್ದರು.

ಈ ಮೂರನ್ನೂ ಆಯ್ಕೆಗಳಾಗಿ ಇಟ್ಟೆ. ಮೂಡಲ್‌ನಲ್ಲಿ ಪ್ರತಿ ಆಯ್ಕೆಗೂ ಬೇರೆ ಬೇರೆ ಪ್ರತಿಕ್ರಿಯೆ ಬರೆದಿಡಬಹುದು, ಮತ್ತೆ ಪ್ರಯತ್ನಿಸಲು ಅವಕಾಶ ಕೊಡಬಹುದು. 18 ಒತ್ತಿದವರಿಗೆ ಹೀಗೆ ಬರುತ್ತದೆ: “ನೀವು ಹಿಡಿದ ವರ್ಗ ಶುರುವಾಗುವುದೇ 20ರಿಂದ. 18 ಹೇಗೆ ಬಂತು? ಸಂಚಿತ ಆವೃತ್ತಿಯಲ್ಲಿ ಒಂದು ಸಾಲು ಮೇಲೆ ನೋಡಿ.” ಇಂಥ ಒಂದು ಪ್ರಶ್ನೆ ಬರೆಯಲು ನನಗೆ ಮುಕ್ಕಾಲು ಗಂಟೆ ಬೇಕು. ಇಪ್ಪತ್ತು ಪ್ರಶ್ನೆಯ ಹಳೆ ಕ್ವಿಜ್ ಅಷ್ಟೇ ಹೊತ್ತಿನಲ್ಲಿ ಮುಗಿಯುತ್ತಿತ್ತು. ಈಗ ಘಟಕಕ್ಕೆ ಐದೇ ಪ್ರಶ್ನೆ.

ಕ್ವಿಜ್‌ಗಿದ್ದ ಭಾನುವಾರ ರಾತ್ರಿ 11.59ರ ಗಡುವನ್ನೂ ತೆಗೆದೆ. ಹಳ್ಳಿಯ ಮಕ್ಕಳಿಗೆ ಸಿಗ್ನಲ್ ಸಿಗುವುದೇ ಸೋಮವಾರ ಬಸ್ಸು ಪೇಟೆ ಮುಟ್ಟಿದ ಮೇಲೆ. ಗಡುವು ಸೋಮವಾರ ಸಂಜೆ 5 ಆಯಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಇನ್ನೂ ಒಂದು ವಾರ ಸಡಿಲ. ಇದಕ್ಕೆ ಯಾವ ತರಬೇತಿಯೂ ಬೇಕಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದರೆ ಸಾಕಿತ್ತು.

ಚರ್ಚೆಯ ಜಾಗ ಮಾತ್ರ ಈಗಲೂ ಹಾಳು ಬಿದ್ದ ಅಂಗಳ. ಎಲ್ಲರೂ ಓದುವಲ್ಲಿ ಪ್ರಶ್ನೆ ಕೇಳಲು ನಾಚಿಕೆ. ಬದಲಿಗೆ ನನಗೊಬ್ಬಳಿಗೇ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ ಅಂದೆ, ಬಂದವು. ಮೂರ್ನಾಲ್ಕು ಜನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದರೆ, ಹೆಸರು ಹೇಳದೆ ಎಲ್ಲರಿಗೂ ಒಂದು ನಿಮಿಷದ ಉತ್ತರ ಹಾಕುತ್ತೇನೆ.

ಹೋದ ಸೆಮಿಸ್ಟರಿನಲ್ಲಿ ಒಬ್ಬ ಹುಡುಗ ಕಳಿಸಿದ್ದ: “ಮೇಡಂ, ನಾನು ಮಾಡಿದ ತಪ್ಪು ನಿಮ್ಮ ಆಪ್ಷನ್‌ನಲ್ಲೇ ಇಲ್ಲ.” ಅವನ ಉತ್ತರ 28.125. ಜಾಸ್ತಿ ಜನ ಇರುವ 30–40ನ್ನೇ ವರ್ಗ ಅಂತ ಹಿಡಿದು, ಮಿಕ್ಕಿದ್ದೆಲ್ಲ ಸೂತ್ರದ ಪ್ರಕಾರ ಮಾಡಿದ್ದ. ನನಗೆ ಬೆವರು ಬಂತು. ಪೇಪರಿನಲ್ಲಿ ಅವನು ದಶಮಾಂಶ ಬಿಟ್ಟು ಬರೀ 28 ಅಂತ ಬರೆದಿದ್ದರೆ, ನೂರಾರು ಪೇಪರು ನೋಡುವ ಆತುರದಲ್ಲಿ ನಾನು ಪೂರ್ತಿ ಅಂಕ ಕೊಟ್ಟುಬಿಡುತ್ತಿದ್ದೆ. ಅವತ್ತೇ ರಾತ್ರಿ ಕೂತು ಲೆಕ್ಕದ ಅಂಕಿಗಳನ್ನು ಬದಲಾಯಿಸಿ, ಅವನ ತಪ್ಪನ್ನು ಐದನೇ ಆಯ್ಕೆಯಾಗಿ ಸೇರಿಸಿದೆ.