ಐಪಿ ಹಾಕುವ ಮುನ್ನ: ಆದೋನಿ, ಮಡಕಶಿರಾ ಕಡೆಯವರು ಮಾಡಿಕೊಳ್ಳಬೇಕಾದ ತಯಾರಿ

ಆದೋನಿಯ ಹತ್ತಿ ಪೇಟೆಯಲ್ಲಾಗಲಿ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಅಂಗಡಿ ಬೀದಿಗಳಲ್ಲಾಗಲಿ ಒಬ್ಬ ‘ಐಪಿ (ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ ದಿವಾಳಿ ಅರ್ಜಿ) ಹಾಕಿದ’ ಎಂದರೆ, ಆತ ಊರಿಗೆಲ್ಲ ಟೋಪಿ ಹಾಕಿ ರಾತ್ರೋರಾತ್ರಿ ಬೀಗ ಜಡಿದುಕೊಂಡು ಹೋದ ಎಂದೇ ಜನ ತಿಳಿಯುತ್ತಾರೆ. ಹಾಗೆ ಮಾಡಿದವರೂ ಇದ್ದಾರೆ, ಇಲ್ಲ ಎನ್ನಲಾಗದು. ಆದರೆ ಕಾನೂನು ಕೇಳುವುದೇ ಬೇರೆ. ನನ್ನ ಹತ್ತಿರ ಇರುವುದು ಇಷ್ಟು, ಕೊಡಬೇಕಾದದ್ದು ಇಷ್ಟು, ಎಲ್ಲವನ್ನೂ ಕೋರ್ಟಿನ ಮುಂದಿಡುತ್ತೇನೆ ಎಂದು ಬರೆದು ಸಹಿ ಹಾಕುವುದೇ ಇನ್‌ಸಾಲ್ವೆನ್ಸಿ ಅರ್ಜಿ. ಲೆಕ್ಕ ಬಿಚ್ಚಿಟ್ಟವನನ್ನು ಅದು ಕಾಯುತ್ತದೆ, ಬಚ್ಚಿಟ್ಟವನನ್ನು ಜೈಲಿನ ಬಾಗಿಲಿಗೆ ಒಯ್ಯುತ್ತದೆ.

ಮೊದಲು ಯಾವ ಕಾನೂನು ಎಂಬ ಗೊಂದಲ ಬಿಡಿಸಿಕೊಳ್ಳಿ. ಮೊಬೈಲಿನಲ್ಲಿ ಹುಡುಕಿದರೆ 2016ರ ದಿವಾಳಿ ಸಂಹಿತೆ ಎದುರಾಗುತ್ತದೆ. 35,000 ರೂಪಾಯಿವರೆಗಿನ ಸಾಲ ತೊಡೆದುಹಾಕುವ ‘ಫ್ರೆಶ್ ಸ್ಟಾರ್ಟ್’ ಯೋಜನೆಯೂ ಅದರಲ್ಲಿ ಸಿಗುತ್ತದೆ. ಅದನ್ನು ನಂಬಿ ಕೂರಬೇಡಿ, ಆ ಭಾಗ ಜಾರಿಗೇ ಬಂದಿಲ್ಲ. ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಅನ್ವಯವಾಗಿರುವುದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಕಿರಾಣಿ ಅಂಗಡಿಯವರು, ರೈತರು, ಮೇಷ್ಟ್ರು, ಆಟೊ ಓಡಿಸುವವರಿಗೆಲ್ಲ ಇವತ್ತಿಗೂ 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಆಕ್ಟೇ ಗತಿ. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ಕೋರ್ಟಿಗೆ. ನೀವು ವಾಸವಿರುವ ಅಥವಾ ವ್ಯಾಪಾರ ಮಾಡುವ ಜಾಗದ ಮೇಲೆ ಯಾವ ಕೋರ್ಟು ಎಂಬುದು ತೀರ್ಮಾನವಾಗುತ್ತದೆ, ಸಾಲ ಕೊಟ್ಟವರು ಎಲ್ಲಿದ್ದಾರೆ ಎಂಬುದರ ಮೇಲಲ್ಲ.

ಐಪಿ ಹಾಕಿದ ತಕ್ಷಣ ಎಲ್ಲ ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮಾತು ಬಿಡಿ. ಬರೀ ಅರ್ಜಿ ಸಲ್ಲಿಸಿದ್ದರಿಂದ ನಡೆಯುತ್ತಿರುವ ದಾವೆಗಳು ನಿಲ್ಲುವುದಿಲ್ಲ. ನೀವು ದಿವಾಳಿ ಎಂದು ಕೋರ್ಟು ಘೋಷಿಸಿದ ಮೇಲೆಯೇ ಸಾಲ ಕೊಟ್ಟವರು ಕೋರ್ಟಿನ ಅಪ್ಪಣೆಯಿಲ್ಲದೆ ವಸೂಲಿಗೆ ಇಳಿಯುವಂತಿಲ್ಲ. ಬಂಧನದಿಂದ ರಕ್ಷಣೆಗೆ ಬೇರೆಯೇ ಅರ್ಜಿ ಕೊಡಬೇಕು. ಅಡವಿಟ್ಟ ಸಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆ ಮೇಲಿನ ಬ್ಯಾಂಕ್ ಸಾಲ, ಬಂಗಾರದ ಮೇಲಿನ ಸಾಲ ಕೊಟ್ಟವರು ತಮ್ಮ ಅಡವನ್ನು ಹರಾಜು ಹಾಕಬಲ್ಲರು. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು ತನ್ನ ಪಾಡಿಗೆ ನಡೆಯುತ್ತದೆ. ಅದರ ನೋಟೀಸು ಕೈಗೆ ಬಂದ ದಿನದಿಂದ ಹಣ ಕಟ್ಟಲು 15 ದಿನವಷ್ಟೇ ಇರುವುದರಿಂದ, ಐಪಿ ಹಾಕುತ್ತೇನಲ್ಲ ಎಂದು ಆ ಲಕೋಟೆಯನ್ನು ಮೂಲೆಗೆ ಎಸೆಯಬೇಡಿ. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೋರ್ಟು ವಿಧಿಸಿದ ಜೀವನಾಂಶ ಇವು ಕೊನೆಯಲ್ಲಿ ಋಣಮುಕ್ತಿ, ಅಂದರೆ ಸಾಲದಿಂದ ಬಿಡುಗಡೆ ಮಾಡುವ ಕೋರ್ಟಿನ ಆದೇಶ, ಸಿಕ್ಕರೂ ಉಳಿಯುತ್ತವೆ. ನಿಮಗೆ ಜಾಮೀನು ನಿಂತವರೂ ಬಿಡುಗಡೆಯಾಗುವುದಿಲ್ಲ. ಚೀಟಿ ಎತ್ತಿದಾಗ ಸಹಿ ಹಾಕಿದ ಬಾವನ ಮೇಲೆ ಪೂರ್ತಿ ಭಾರ ಬೀಳುತ್ತದೆ.

ನಿಮ್ಮ ಸಾಲದಲ್ಲಿ ಮುಕ್ಕಾಲು ಪಾಲು ಅಡವಿನದ್ದೋ ಚೆಕ್ಕಿನದ್ದೋ ಆಗಿದ್ದರೆ ಐಪಿಯಿಂದ ಸಿಗುವುದು ಕಡಿಮೆ. ಬ್ಯಾಂಕಿನ ಜೊತೆ ಒಂದೇ ಕಂತಿನ ಇತ್ಯರ್ಥಕ್ಕೆ ಕೂರಿ, ಇಲ್ಲವೇ ಲೋಕ ಅದಾಲತ್‌ಗೆ ಹೋಗಿ. ಅಲ್ಲಿ ಒಪ್ಪಿದ್ದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಲಾಗದ ಕಂತಿಗೆ ಮುಜುಗರಕ್ಕೆ ಬಿದ್ದು ತಲೆಯಾಡಿಸಬೇಡಿ. ಪ್ರಾನೋಟು, ಕೈಸಾಲ, ಮಂಡಿ ಉದ್ದರಿ, ಕ್ರೆಡಿಟ್ ಕಾರ್ಡ್ ಬಾಕಿಗಳೇ ಹೆಚ್ಚಿದ್ದಲ್ಲಿ ಐಪಿಯ ಬಗ್ಗೆ ಯೋಚಿಸುವುದರಲ್ಲಿ ಅರ್ಥವಿದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಇನ್ನು ಕಾಗದಪತ್ರ. ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು, ಸಾಲ ಕೊಟ್ಟ ಒಬ್ಬೊಬ್ಬರಿಗೂ ಒಂದೊಂದು ಪುಟ ಬಿಡಿ. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ವಿಳಾಸ, ಹಣ ಪಡೆದ ತಾರೀಖು, ಕೈಗೆ ಬಂದ ಅಸಲು, ಬಡ್ಡಿ ದರ, ಇದುವರೆಗೆ ಕೊಟ್ಟದ್ದು, ಅವರ ಹತ್ತಿರ ಇರುವ ಕಾಗದ, ಜಾಮೀನು ಯಾರದ್ದು ಎಂಬುದೆಲ್ಲ ಆ ಪುಟದಲ್ಲಿರಲಿ. ಮೂರು ಲಕ್ಷ ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 6,000, ಇಪ್ಪತ್ತು ತಿಂಗಳಿಗೆ 1,20,000. ಅದರಲ್ಲಿ 70,000 ಕೊಟ್ಟಿದ್ದರೆ ಬಾಕಿ 3,50,000. ಈ ಗುಣಾಕಾರ ಪುಟದಲ್ಲೇ ಇರಲಿ. ನಾಳೆ ಅವರು ಆರು ಲಕ್ಷ ಎಂದು ಹೇಳಿದಾಗ ನಿಮ್ಮ ಬಾಯಿಮಾತಿಗಿಂತ ಈ ಪುಟಕ್ಕೆ ಬೆಲೆ. ಪ್ರಾನೋಟಿನ ಹಿಂಬದಿಯಲ್ಲಿ ‘ಜಮಾ’ ಬರೆದದ್ದಿದ್ದರೆ ಅದರ ಫೋಟೊ ಸಂಪಾದಿಸಿ. ಖಾಲಿ ಪ್ರಾನೋಟಿಗೋ ಖಾಲಿ ಚೆಕ್ಕಿಗೋ ಸಹಿ ಮಾಡಿ ಕೊಟ್ಟಿದ್ದರೆ ಮುಚ್ಚಿಡದೆ ಬರೆದುಕೊಳ್ಳಿ, ಚೆಕ್ ನಂಬರ್ ಸಮೇತ.

ಪಟ್ಟಿಯಿಂದ ಯಾರನ್ನೂ ಬಿಡಬೇಡಿ. ಅತ್ತೆಯಿಂದ ಪಡೆದ ಐವತ್ತು ಸಾವಿರ, ಡ್ವಾಕ್ರಾ ಮಹಿಳಾ ಸ್ವಸಹಾಯ ಸಂಘದಲ್ಲಿ ಹೆಂಡತಿ ಹೆಸರಲ್ಲಿ ಎತ್ತಿ ನೀವು ಬಳಸಿದ್ದು, ಗೆಳೆಯ ಫೋನ್‌ಪೇ ಮಾಡಿದ್ದು ಎಲ್ಲವನ್ನೂ ವಕೀಲರ ಮುಂದಿಡಿ. ಯಾವುದು ಕಾನೂನಿನ ಲೆಕ್ಕದಲ್ಲಿ ನಿಮ್ಮ ಸಾಲ, ಯಾವುದು ಅಲ್ಲ ಎಂದು ಅವರು ವಿಂಗಡಿಸಲಿ. ಜಾಮೀನುದಾರರ ಹೆಸರನ್ನೂ ಸೇರಿಸಲು ಹೇಳಿ.

ಆಸ್ತಿಯ ಪಟ್ಟಿಯಲ್ಲಿ ಗಡಿನಾಡಿನವರು ಎಡವುವ ಜಾಗ ಒಂದಿದೆ. ಮನೆ ಆದೋನಿಯಲ್ಲಿ, ಹೊಲ ಸಿರುಗುಪ್ಪದ ಕಡೆ. ಅಂಗಡಿ ಮಡಕಶಿರಾದಲ್ಲಿ, ಸೈಟು ಪಾವಗಡದಲ್ಲಿ. ಆ ಕಡೆಯದ್ದು ಈ ಕೋರ್ಟಿಗೆ ಗೊತ್ತಾಗುವುದಿಲ್ಲ ಎಂದು ಬಿಟ್ಟವರೇ ಸಿಕ್ಕಿಬೀಳುವುದು, ಯಾಕೆಂದರೆ ಕರ್ನಾಟಕದ ಪಹಣಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ತೆಗೆಯಬಹುದು. ಆಂಧ್ರದ ಜಮೀನಿಗೆ ಪಾಸ್‌ಬುಕ್, ಅಡಂಗಲ್ (ಅಲ್ಲಿನ ಪಹಣಿ) ಮತ್ತು 1ಬಿ (ಹಕ್ಕು ದಾಖಲೆ), ಎರಡೂ ರಾಜ್ಯದ ಸ್ವತ್ತುಗಳಿಗೆ ಇ.ಸಿ. (ಋಣಭಾರ ಪತ್ರ) ತೆಗೆಸಿ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲೆಷ್ಟು, ವಿಭಾಗವಾಗಿದೆಯೋ ಇಲ್ಲವೋ ಎಂಬುದನ್ನೂ ಬರೆಯಿರಿ. ನಿಮಗೆ ಬರಬೇಕಾದ ಉದ್ದರಿಯೂ ಆಸ್ತಿಯೇ.

ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ ಎಂಬ ಭಯ ಬೇಡ. ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನವರ ಹತ್ಯಾರು, ರೈತರ ನೇಗಿಲು, ಎತ್ತು, ಬಿತ್ತನೆ ಬೀಜ, ಬೇಸಾಯವೇ ಕಸುಬಾಗಿದ್ದವರ ವಾಸದ ಮನೆ, ಪಿಎಫ್, ಜೀವವಿಮೆಯ ಹಣ ಇವಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನ ರಕ್ಷಣೆ ಇದೆ. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ, ಉಳಿದದ್ದರ ಮೂರರಲ್ಲಿ ಎರಡು ಪಾಲು ನಿಮ್ಮದೇ. ಲೆಕ್ಕದ ಪುಸ್ತಕಗಳನ್ನು ಮಾತ್ರ ಒಪ್ಪಿಸಲೇಬೇಕು. ನಮ್ಮ ಕಡೆ ಕಿರ್ದಿ, ಖಾತೆ ಎಲ್ಲ ಕನ್ನಡದಲ್ಲಿ, ಅಂಕಿಯೂ ಕನ್ನಡದಲ್ಲೇ ಇರುವುದುಂಟು. ತೆಲುಗು ಅಥವಾ ಇಂಗ್ಲಿಷ್ ಅನುವಾದ ಮಾಡಿಸುವ ಖರ್ಚು, ಸಮಯ ಎರಡನ್ನೂ ಮೊದಲೇ ಲೆಕ್ಕ ಹಾಕಿ. ಕನ್ನಡ ಓದಬಲ್ಲ ವಕೀಲರು ಸಿಕ್ಕರೆ ಅರ್ಧ ಕೆಲಸ ಹಗುರ. ಅವರು ತಯಾರಿಸಿದ ಅರ್ಜಿಯನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಪೂರ್ತಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ಅದರಲ್ಲಿರುವುದೆಲ್ಲ ನಿಜ ಎಂದು ಪ್ರಮಾಣ ಮಾಡುವವರು ನೀವು.

ಬಹಳ ಜನ ಕಡೆಗಣಿಸುವ ಕಾಗದಗಳ ಕಟ್ಟು ಇನ್ನೊಂದಿದೆ. ಹಣ ಎಲ್ಲಿ ಹೋಯಿತು ಎಂಬುದಕ್ಕೆ ಸಾಕ್ಷಿ. ಆಸ್ತಿಯ ಬೆಲೆ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ಕೋರ್ಟಿಗೆ ಮನವರಿಕೆಯಾಗದ ಹೊರತು ಪೂರ್ತಿ ಋಣಮುಕ್ತಿ ಸಿಗದು. ಕಾಯ್ದೆ ಬರೆದದ್ದು ಆಣೆಯ ಕಾಲದಲ್ಲಿ, ಆದರೆ ಈ ಅರ್ಧದ ಲೆಕ್ಕ ಇವತ್ತಿಗೂ ಅದರಲ್ಲೇ ಇದೆ. ಹಾಗಾಗಿ ಬೆಳೆ ಹಾನಿಯ ದಾಖಲೆ, ಆಸ್ಪತ್ರೆಯ ಬಿಲ್ಲು, ಕೊಂಡ ದರಕ್ಕಿಂತ ಕಡಿಮೆಗೆ ಮಾರಿದ ಹತ್ತಿಯ ಚೀಟಿ, ಉದ್ದರಿ ಪಡೆದು ಮುಳುಗಿಸಿದವರಿಗೆ ಕಳಿಸಿದ ನೋಟೀಸು, ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ. ಜೂಜು, ದುಂದು, ತೀರಿಸಲಾಗದು ಎಂದು ಗೊತ್ತಿದ್ದೂ ಮಾಡಿದ ಹೊಸ ಸಾಲ, ಲೆಕ್ಕವನ್ನೇ ಇಡದ ವ್ಯಾಪಾರ ಇವೆಲ್ಲ ನಿಮ್ಮ ವಿರುದ್ಧ ನಿಲ್ಲುತ್ತವೆ. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಕಳೆದಿದ್ದರೆ ವಕೀಲರಿಗಾದರೂ ಮೊದಲೇ ಹೇಳಿ. ಪಾಟೀಸವಾಲಿನಲ್ಲಿ ಅದು ಹೇಗೂ ಹೊರಬೀಳುತ್ತದೆ.

ಈ ಹಂತದಲ್ಲಿ ನೆಂಟರು ಕೊಡುವ ಸಲಹೆಯೇ ದೊಡ್ಡ ಅಪಾಯ. ‘ಮನೆಯನ್ನ ತಮ್ಮನ ಹೆಸರಿಗೆ ಬರೆದುಬಿಡು’ ಎನ್ನುತ್ತಾರೆ. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಸರಿಯಾದ ಬೆಲೆ ಪಡೆಯದೆ ಮಾಡಿದ ದಾನಪತ್ರ, ವರ್ಗಾವಣೆಗಳನ್ನು ಕೋರ್ಟು ರದ್ದು ಮಾಡಬಲ್ಲದು. ಮೂರು ತಿಂಗಳೊಳಗೆ ಒಬ್ಬರಿಗೆ ಮಾತ್ರ ಅನುಕೂಲವಾಗಲಿ ಎಂದು ತೀರಿಸಿದ ಸಾಲಕ್ಕೂ ಇದೇ ಗತಿ. ಮಾವನ ಎರಡು ಲಕ್ಷವನ್ನು ಮರ್ಯಾದೆಗೆಂದು ಮೊದಲು ಕೊಟ್ಟರೆ ಆ ಹಣವನ್ನು ಅವರಿಂದ ವಾಪಸು ತರಿಸಬಹುದು, ಆಗ ಹಣವೂ ಹೋಯಿತು, ಮಾವನೂ ಕೋರ್ಟು ಹತ್ತಿದರು. ಆಸ್ತಿ ಬಚ್ಚಿಟ್ಟದ್ದು, ಸುಳ್ಳು ಲೆಕ್ಕ ಬರೆದದ್ದು ರುಜುವಾತಾದರೆ ಒಂದು ವರ್ಷದವರೆಗೆ ಜೈಲು. ಊರು ಬಿಟ್ಟು ಬೆಂಗಳೂರಿಗೋ ಬಳ್ಳಾರಿಗೋ ಹೋಗಿ ಕೂರುವುದೂ ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವ ಕೃತ್ಯ ಎನಿಸಿಕೊಳ್ಳುತ್ತದೆ.

ಮನೆಯವರಿಗೆ ಹೇಳುವುದು ಈ ಕೆಲಸದಲ್ಲೆಲ್ಲ ಕಷ್ಟದ್ದು, ಮುಂದೂಡಲು ಮನಸ್ಸು ಹವಣಿಸುವುದೂ ಅದನ್ನೇ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಕೋರ್ಟಿನ ನೋಟೀಸು ಹೋಗುತ್ತದೆ, ದಿವಾಳಿ ಆದೇಶ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಗುಟ್ಟು ಉಳಿಯುವ ಪ್ರಶ್ನೆಯೇ ಇಲ್ಲ. ಹಾಗಿದ್ದ ಮೇಲೆ ನಿಮ್ಮ ಬಾಯಿಂದಲೇ ಮೊದಲು ಗೊತ್ತಾಗಲಿ. ಹೆಂಡತಿಗೆ ಅಥವಾ ಗಂಡನಿಗೆ ಹೇಳುವಾಗ ನೋಟ್‌ಬುಕ್ ಮುಂದಿಟ್ಟು ಪೂರ್ತಿ ಮೊತ್ತ ಒಂದೇ ಸಲ ಹೇಳಿ. ಇವತ್ತು ಐದು ಲಕ್ಷ, ಮುಂದಿನ ವಾರ ಇನ್ನೂ ನಾಲ್ಕಿದೆ ಎಂದರೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ಆಮೇಲೆ ಜಾಮೀನು ನಿಂತವರು. ಅವರ ಮನೆಗೆ ಹೋಗಿ, ಸುತ್ತಿ ಬಳಸದೆ ಹೇಳಿ: ‘ಮಾಮ, ನೀವು ಸಹಿ ಹಾಕಿದ ಚೀಟಿ ದುಡ್ಡು ಕಟ್ಟೋದು ನನ್ನ ಕೈಲಿ ಆಗ್ತಿಲ್ಲ. ಕೋರ್ಟಿಗೆ ಹೋಗ್ತಿದ್ದೀನಿ. ನೋಟೀಸು ನಿಮಗೂ ಬರುತ್ತೆ, ಒಬ್ಬ ವಕೀಲರನ್ನ ನೋಡಿ.’ ಅವರು ಬೈದರೆ ಬೈಸಿಕೊಳ್ಳಿ. ಸಮಾಧಾನಕ್ಕೆಂದು ಹೊಸ ಪ್ರಾನೋಟು ಬರೆದುಕೊಟ್ಟು ಬರಬೇಡಿ.

ಶಾಲೆಗೆ ಹೋಗುವ ಮಕ್ಕಳಿಗೆ ಮೊತ್ತ ಬೇಕಾಗಿಲ್ಲ. ಇನ್ನು ಕೆಲವು ದಿನ ಮನೆ ಮುಂದೆ ಜನ ಬಂದು ಜೋರಾಗಿ ಮಾತಾಡಬಹುದು, ಅದು ನಿಮ್ಮಿಂದ ಆದದ್ದಲ್ಲ, ನೀವು ಬಾಗಿಲಿಗೆ ಹೋಗಬೇಡಿ ಎಂದಷ್ಟು ಹೇಳಿದರೆ ಸಾಕು. ಬಂದವರ ಜೊತೆ ಮಾತಾಡುವವರು ಮನೆಯಲ್ಲಿ ಒಬ್ಬರೇ ಇರಲಿ, ಉತ್ತರವೂ ಒಂದೇ ಇರಲಿ: ಕೇಸು ಕೋರ್ಟಿನಲ್ಲಿದೆ, ವಕೀಲರ ಹೆಸರು ಇದು. ಬ್ಯಾಂಕು, ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ರೆಕಾರ್ಡ್ ಇಟ್ಟುಕೊಂಡು ಮೊದಲು ಆ ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಖಾಸಗಿ ಬಡ್ಡಿಯವರು ಬೆದರಿಸಿದರೆ ಅದು ಪೊಲೀಸರ ವ್ಯವಹಾರ.

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಫೋನ್ ರಿಂಗಾದರೆ ಎದೆ ಡವಗುಟ್ಟುವುದು ಈ ದಿನಗಳಲ್ಲಿ ಸಾಮಾನ್ಯ. ‘ನಾನೇ ಇಲ್ಲದಿದ್ದರೆ ಎಲ್ಲ ಮುಗಿಯುತ್ತೆ’ ಎಂಬ ಯೋಚನೆ ಬರತೊಡಗಿದರೆ ಅದನ್ನು ಆ ದಿನವೇ ಒಬ್ಬರಿಗೆ ಹೇಳಬೇಕು. ನೀವಿಲ್ಲದಿದ್ದರೂ ಜಾಮೀನುದಾರರ ಮೇಲಿನ ಸಾಲ ಹಾಗೇ ಇರುತ್ತದೆ, ಸಾಲ ಕೊಟ್ಟವರು ನಿಮ್ಮ ಆಸ್ತಿಗೆ ಕೈ ಹಾಕುವುದೂ ತಪ್ಪುವುದಿಲ್ಲ, ಲೆಕ್ಕ ಗೊತ್ತಿದ್ದವರು ಮಾತ್ರ ಇರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಭಾಷೆ ಆರಿಸಿಕೊಳ್ಳಬಹುದು. ಮನೆಯವರು ಕೇಳದೆ ಮಾಡಬೇಕಾದ ಕೆಲಸವೂ ಒಂದಿದೆ: ಹೊಲಕ್ಕೆ ತಂದಿಟ್ಟ ಔಷಧಿ ಡಬ್ಬಗಳನ್ನು ಕೆಲವು ತಿಂಗಳ ಮಟ್ಟಿಗೆ ಬೇರೆಯವರ ಮನೆಗೆ ಸಾಗಿಸಿ, ಬೀಗದ ಕೈ ಅವರ ಹತ್ತಿರವೇ ಇರಲಿ.

ಅರ್ಜಿ ದಾಖಲಾದ ಮೇಲೆ ವಾಯಿದೆಗಳನ್ನು ತಪ್ಪಿಸಬೇಡಿ. ಒಮ್ಮೆ ಹಾಕಿದ ಅರ್ಜಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಹಿಂತೆಗೆಯಲಾಗದು. ದಿವಾಳಿ ಎಂದು ಘೋಷಣೆಯಾದ ಕೂಡಲೇ ಆಸ್ತಿ ಕೋರ್ಟಿನ ಅಥವಾ ದಿವಾಳಿಯಾದವರ ಆಸ್ತಿ ನೋಡಿಕೊಳ್ಳುವ ಅಧಿಕಾರಿಯಾದ ಅಫಿಷಿಯಲ್ ರಿಸೀವರ್ ಕೈಗೆ ಹೋಗುತ್ತದೆ. ಆಮೇಲೆ ಒಂದು ಹಳೇ ಸ್ಕೂಟರನ್ನೂ ನೀವಾಗಿಯೇ ಮಾರುವಂತಿಲ್ಲ. ಸಂಸಾರ ನಡೆಸಲು ಭತ್ಯೆ ಬೇಕಿದ್ದರೆ ಕೋರ್ಟನ್ನು ಕೇಳಬಹುದು. ಋಣಮುಕ್ತಿ ಸಿಗುವವರೆಗೆ, ನಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ತೆಗೆದುಕೊಳ್ಳುವುದೂ ಮೂಲ ಕಾಯ್ದೆಯ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಶಿಕ್ಷೆ. 1920ರ ಐವತ್ತು ರೂಪಾಯಿ ಎಂದು ನಗಬೇಡಿ. ಕಿರಾಣಿ ಅಂಗಡಿಯ ಉದ್ದರಿಯನ್ನೂ ನಿಲ್ಲಿಸಿ, ನಗದು ಕೊಟ್ಟೇ ತನ್ನಿ.

ಘೋಷಣೆಯ ಆದೇಶದಲ್ಲೇ ಋಣಮುಕ್ತಿಗೆ ಅರ್ಜಿ ಹಾಕುವ ಗಡುವು ಬರೆದಿರುತ್ತದೆ. ಘೋಷಣೆಯಾಯಿತಲ್ಲ, ಮುಗಿಯಿತು ಎಂದು ಮನೆಗೆ ಬಂದವರು ಕೆಡುವುದು ಇಲ್ಲೇ. ಗಡುವು ಮೀರಿದರೆ ಘೋಷಣೆ ರದ್ದಾಗುತ್ತದೆ, ಸಾಲವೆಲ್ಲ ಮೊದಲಿನಂತೆ ಜೀವ ಪಡೆಯುತ್ತದೆ, ಮತ್ತೆ ಐಪಿ ಹಾಕಲು ಕೋರ್ಟಿನ ಅನುಮತಿ ಬೇಕಾಗುತ್ತದೆ. ಆದೇಶದ ದೃಢೀಕೃತ ನಕಲು ಪಡೆದು, ಆ ತಾರೀಖಿಗೆ ಒಂದು ತಿಂಗಳು ಮೊದಲೇ ವಕೀಲರನ್ನು ಕಾಣುವಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಋಣಮುಕ್ತಿಯ ಆದೇಶ ಬಂದ ಮೇಲೆ ಅದರದ್ದೂ ಮೂರು ನಾಲ್ಕು ನಕಲು ತೆಗೆಸಿಡಿ. ಹಳೆಯ ಪ್ರಾನೋಟು ಹಿಡಿದು ಬಂದವರಿಗೂ ಕ್ರೆಡಿಟ್ ರಿಪೋರ್ಟ್ ತಿದ್ದಿಸಲು ಬ್ಯಾಂಕಿಗೂ ಅದನ್ನೇ ತೋರಿಸಬೇಕು.