ಟ್ಯಾಂಕ್ ತುಂಬಿಸಿದರೆ ಸ್ಟಾರ್ಟ್ ಆಗದ ಕಾರು

ನಮ್ಮ 2003ರ ಪೆಟ್ರೋಲ್ ಕಾರು ದಿನವಿಡೀ ಸರಿಯಾಗಿ ಓಡುತ್ತಿತ್ತು. ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಹಟ ಹಿಡಿಯುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತುಳಿದು ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಗೊರಗೊರ ಎನ್ನುತ್ತಾ ಏಳುತ್ತಿತ್ತು. ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿತು, ಥ್ರಾಟಲ್ ಬಾಡಿ ತೊಳೆದದ್ದಾಯಿತು, ಗುಣವಾಗಲಿಲ್ಲ. ಒಂದು ದಿನ ಪೆಟ್ರೋಲ್ ಹಾಕಿಸಿ ಬಂಕಿನ ಪಕ್ಕದಲ್ಲೇ ಎಮಿಷನ್ ಟೆಸ್ಟಿಗೆ ನಿಲ್ಲಿಸಿದೆ. ನಮ್ಮ ಕಾರಿಗೆ ಹೊಗೆಯಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ. 0.5ರ ಒಳಗಿರಬೇಕು, ಬಂದದ್ದು 1.4. ಫೇಲ್.

ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮೇಲೆ ಅನುಮಾನ ಬಂದದ್ದು ಆಗಲೇ. ಟ್ಯಾಂಕಿನ ಪೆಟ್ರೋಲ್ ಆವಿ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಡಬ್ಬಿ, ಅಂದರೆ ಕ್ಯಾನಿಸ್ಟರ್, ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಗಾಡಿ ಓಡುವಾಗ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಈ ವಾಲ್ವ್ ತೆರೆಸುತ್ತದೆ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಆವಿಯನ್ನು ಎಳೆದುಕೊಳ್ಳುತ್ತದೆ. ವಾಲ್ವ್ ತೆರೆದೇ ಕಚ್ಚಿಕೊಂಡರೆ? ಟ್ಯಾಂಕ್ ತುಂಬುವಾಗ ಹೊರಗೆ ತಳ್ಳಿಸಿಕೊಂಡ ಆವಿಯೆಲ್ಲ ಸೀದಾ ಎಂಜಿನ್ನಿಗೆ. ಪೆಟ್ರೋಲ್ ಅತಿಯಾಗಿ ಸ್ಟಾರ್ಟೂ ಕಷ್ಟ, ಸಿಒ ಕೂಡ ಏರುತ್ತದೆ.

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಕ್ಯಾನಿಸ್ಟರ್ ಕಡೆಯ ಹೋಸ್ ಬಿಚ್ಚಿ, ವಾಲ್ವ್ ಬಾಯಿಗೆ ಹೆಬ್ಬೆರಳು ಇಟ್ಟೆ. ಆ ಹೊತ್ತಿಗೆ ಎಳೆತವೇ ಇರಬಾರದು. ನನ್ನ ಬೆರಳು ಪಚಕ್ಕನೆ ಅಂಟಿಕೊಂಡಿತು. ಕನೆಕ್ಟರ್ ಕಿತ್ತರೂ ಬಿಡಲಿಲ್ಲ. ಕರೆಂಟ್ ಇಲ್ಲದಾಗ ಮುಚ್ಚಿರಬೇಕಾದ ವಾಲ್ವ್ ಅದು.

ಕೆಟ್ಟ ವಾಲ್ವನ್ನು ಬದಿಗಿಟ್ಟು ಓಡಿಸುವ ಬೈಪಾಸ್ ಕೆಲಸ ಹತ್ತು ನಿಮಿಷದ್ದು. ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸ್ ತೆಗೆದು, ಮ್ಯಾನಿಫೋಲ್ಡಿನ ನಳಿಗೆಗೆ ಮೊದಲು ಇನ್ಸುಲೇಷನ್ ಟೇಪ್ ಸುತ್ತಿದೆ. ದಡ್ಡತನ. ವ್ಯಾಕ್ಯೂಮ್ ಟೇಪನ್ನು ಗುಳಿ ಬೀಳಿಸಿ ತೂತು ಮಾಡಿತು, ಐಡ್ಲಿಂಗ್ ಕುಣಿಯತೊಡಗಿತು. ಆಮೇಲೆ ಎರಡು ಇಂಚು ಹಳೇ ಹೋಸಿಗೆ ಬೋಲ್ಟ್ ತುರುಕಿ, ಎರಡೂ ತುದಿಗೆ ಕ್ಲಿಪ್ ಬಿಗಿದು ಹಾಕಿದೆ. ಎಂಜಿನ್ ಶಾಂತವಾಯಿತು. ಕನೆಕ್ಟರನ್ನು ವಾಪಸ್ ವಾಲ್ವಿಗೇ ಚುಚ್ಚಿಟ್ಟೆ, ಇಲ್ಲವಾದರೆ ಚೆಕ್ ಎಂಜಿನ್ ದೀಪ ಹತ್ತಬಹುದು. ಮತ್ತೆ ಟ್ಯಾಂಕ್ ತುಂಬಿಸಿ ನೋಡಿದೆ: ಒಂದೇ ಸೆಲ್ಫ್. ಟೆಸ್ಟಿನಲ್ಲೂ ಪಾಸ್.

ಪಾಸಾದದ್ದು ದೊಡ್ಡ ಮಾತೇನಲ್ಲ. ಅವರು ನೋಡುವುದು ಸೈಲೆನ್ಸರ್ ಬಾಯಿಯ ಹೊಗೆಯನ್ನಷ್ಟೇ. ಕ್ಯಾನಿಸ್ಟರಿನಿಂದ ಸೋರುವ ಆವಿ ಆ ಯಂತ್ರಕ್ಕೆ ಕಾಣುವುದಿಲ್ಲ. ಕಂಡದ್ದು ನಮ್ಮಮ್ಮನ ಮೂಗಿಗೆ. ಶೆಡ್ಡಿಗೂ ಅಡುಗೆಮನೆಗೂ ಒಂದೇ ಗೋಡೆ. ಮೂರನೇ ದಿನ "ಸಿಲಿಂಡರ್ ಸೋರ್ತಿದೆ ಕಣೋ" ಅಂತ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿಯೆಲ್ಲ ತೆರೆದು ಹೊರಗೆ ಬಂದು ನಿಂತಿದ್ದರು. ಎಳೆದುಕೊಳ್ಳುವವರಿಲ್ಲದೆ ಇದ್ದಿಲು ತುಂಬಿ, ಆವಿ ಕ್ಯಾನಿಸ್ಟರಿನ ಕೆಳಗಿನ ರಂಧ್ರದಿಂದ ಹೊರಬರುತ್ತಿತ್ತು. ಅಂದಿನಿಂದ ಕಾರು ರಸ್ತೆಯಲ್ಲೇ ಮಲಗಿತು.

ಮರುವಾರ ಸ್ಪೇರ್ಸ್ ಅಂಗಡಿಯಲ್ಲಿ ಹೊಸ ವಾಲ್ವ್ ಕೈಗೆ ಬಂದಾಗ ಅಲ್ಲೇ ಬಾಯಿಗಿಟ್ಟು ಊದಿದೆ. ಗಾಳಿ ದಾಟಲಿಲ್ಲ. ಅಂಗಡಿಯವರು "ಏನ್ ಸಾರ್, ಪೀಪಿ ತಗೊಂಡಂಗೆ ನೋಡ್ತೀರಲ್ಲ" ಎಂದು ನಕ್ಕರು. ಬೋಲ್ಟ್ ತುರುಕಿದ ಆ ಹೋಸ್ ತುಂಡು ಈಗಲೂ ಡಿಕ್ಕಿಯ ಟೂಲ್ಸ್ ಚೀಲದಲ್ಲಿದೆ.